ಬರಿದಾದ ಕೊಟ್ಟಿಗೆಯೂ ಬೆಂಗಳೂರಿನ ಅತಿಥಿಗಳೂ



ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಸಂಸಾರಗಳು ರಜೆ ಬಂತೆಂದರೆ ಮಲೆನಾಡಿನತ್ತ ಹೊರಡುವುದು ಈಗ ವಾಡಿಕೆಯಾಗಿದೆ. ಹಗಲು ಬಾಬಾಬುಡನ್‌ಗಿರಿ, ಕುದುರೆಮುಖಗಳ ಹುಲ್ಲುಬೆಟ್ಟಗಳನ್ನು ನೋಡಿ, ರಾತ್ರಿ ಬೇಸಾಯಗಾರರ ಮನೆಯಲ್ಲಿ ತಂಗುತ್ತಾರೆ. ಇದಕ್ಕೆ ಹೋಂಸ್ಟೇ ಎಂದು ಹೆಸರು. ಇದನ್ನು ಕಂಡ ರೈತರು, ನಮ್ಮ ಕೊಟ್ಟಿಗೆಯನ್ನೂ ಏಕೆ ಅತಿಥಿಗಳ ಕೋಣೆ ಮಾಡಬಾರದು ಎಂದು ಕೇಳುತ್ತಾರೆ. ಕೊಟ್ಟಿಗೆ ತಾನಾಗಿ ಬರಿದಾಗಿದ್ದರೆ ಧಾರಾಳವಾಗಿ ಮಾಡಿ. ದನ ಮಾರಿ ಬರಿದು ಮಾಡಿ ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬರುವವರು ಎಲ್ಲಿಯವರು ಎಂಬುದನ್ನು ಮೊದಲು ಯೋಚಿಸಿ. 1898ರಲ್ಲಿ ಬೆಂಗಳೂರು ಪೇಟೆಗೆ ಪ್ಲೇಗು ತಗುಲಿದಾಗ, ಇಕ್ಕಟ್ಟಿನಲ್ಲಿದ್ದ ಜನರಿಗಾಗಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಎತ್ತಿದರು. ಅದಕ್ಕೆ ಮೊದಲು ಆ ಕಡೆ ಹಳ್ಳಿಗಳಿದ್ದವು, ಹೊಲಗಳಿದ್ದವು. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿಯವರ ಕಡಲೆಕಾಯಿಯನ್ನು ರಾತ್ರಿ ಒಂದು ಬಸವ ಬಂದು ಮೇಯುತ್ತಿತ್ತು, ಅದನ್ನು ಒಲಿಸಿಕೊಳ್ಳಲು ಮೊದಲ ಬೆಳೆಯನ್ನು ಒಪ್ಪಿಸುವ ಪದ್ಧತಿ ಬಂತು ಎಂದು ಕಥೆ. ಕಾರ್ತಿಕದ ಕಡೆಯ ಸೋಮವಾರ ಇಂದಿಗೂ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ಸೇರುತ್ತದೆ. ಆದರೆ ಕಾಯಿ ಮಾತ್ರ ಹೊರಗಿನ ಊರುಗಳಿಂದ ಮೂಟೆಯಲ್ಲಿ ಬರಬೇಕು. ಬಸವಣ್ಣ ಉಳಿದ, ಹೊಲ ಉಳಿಯಲಿಲ್ಲ.

ಹೀಗೆ ಹೊಲ ಕಳೆದುಕೊಂಡ ನೆಲದಿಂದ ಬರುವವರು ನಿಮ್ಮಲ್ಲಿ ಕಾಣಬಯಸುವುದು ಕರೆಯುವ ಹಸುವನ್ನು, ಅಡಿಕೆ ಸುಲಿಯುವ ಅಂಗಳವನ್ನು, ಒಲೆಯ ಮೇಲಿನ ಹಾಲನ್ನು. ಹಸುವನ್ನು ಮಾರಿ, ಗೋಡೆಗೆ ಬಣ್ಣ ಬಳಿದು, ಪಟ್ಟಣದಿಂದ ಪೊಟ್ಟಣದ ಹಾಲು ತಂದು ಕಾಫಿ ಕೊಟ್ಟರೆ ಅವರು ಮತ್ತೊಮ್ಮೆ ಏಕೆ ಬರಬೇಕು?

ಇಂಗ್ಲೆಂಡಿನಲ್ಲಿ ಕುರಿ ಮೇಯುವ ಬೆಟ್ಟಬಯಲುಗಳ ಅಂಚಿನ ಹಳೆಯ ಕಲ್ಲಿನ ಕೊಟ್ಟಿಗೆಗಳೂ ಕಣಜದ ಮನೆಗಳೂ ಎಷ್ಟೋ ಕಾಲದಿಂದ ರಜೆಯ ವಸತಿಗಳಾಗಿವೆ. 2001ರಲ್ಲಿ ಅಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು, ಕಾಲುದಾರಿಗಳನ್ನು ಮುಚ್ಚಿದರು. ಹೊಲದ ವರಮಾನದೊಂದಿಗೆ ಅತಿಥಿಗಳ ವರಮಾನವೂ ನಿಂತುಹೋಯಿತು. 2020ರ ಕೋವಿಡ್ ಕಾಲದಲ್ಲಿ ನಮ್ಮ ಮಲೆನಾಡಿನಲ್ಲೂ ಕೋಣೆಗಳು ಖಾಲಿ ಬಿದ್ದವು. ಆಗ ಮನೆಯನ್ನು ನಡೆಸಿದ್ದು ತೋಟ ಮತ್ತು ಹಸು. ಆದ್ದರಿಂದ ಅತಿಥಿಯ ಹಣವನ್ನು ಮೇಲುಸಂಪಾದನೆ ಎಂದೇ ಎಣಿಸಿ. ಅದನ್ನು ನಂಬಿ ದೊಡ್ಡ ಸಾಲ ಎತ್ತಬೇಡಿ.

ಇನ್ನು ಕೊಟ್ಟಿಗೆಯ ವಿಚಾರ. ವರ್ಷಗಟ್ಟಲೆ ಗಂಜಲ ಕುಡಿದ ನೆಲದ ಮೇಲೆ ನೇರವಾಗಿ ಸಿಮೆಂಟು ಹಾಕಿದರೆ ವಾಸನೆ ಹೋಗುವುದಿಲ್ಲ. ಮೇಲಿನ ಮಣ್ಣನ್ನು ಅಗೆದು ತೆಗೆಯಿರಿ. ಅದು ಒಳ್ಳೆಯ ಗೊಬ್ಬರ, ತಿಪ್ಪೆಗೆ ಸೇರಿಸಿ. ಗೋಡೆಯ ಬುಡ ಉಪ್ಪು ಹಿಡಿದಿದ್ದರೆ ಹಳೆಯ ಗಾರೆಯನ್ನು ಕೆರೆದು ಸುಣ್ಣದ ಗಾರೆ ಮಾಡಿಸಿ. ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಹೆಪ್ಪಳಿಕೆ ಏಳುತ್ತದೆ. ಹಂಚಿನ ಮಾಡನ್ನು ಕೀಳಬೇಡಿ, ಬೆಳಕಿಗೆ ಎರಡು ಗಾಜಿನ ಹಂಚು ಸಾಕು. ಪಾಯಿಖಾನೆಯ ಗುಂಡಿ ಬಾವಿಯಿಂದ 15 ಮೀಟರಾದರೂ ದೂರವಿರಲಿ. ದನ ಇನ್ನೂ ಇದ್ದರೆ, ಅವುಗಳ ಬಳಿ ಹೋಗುವ ಅತಿಥಿಗಳು ಪಾದರಕ್ಷೆಯನ್ನು ಶೇಕಡಾ 4ರ ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ ಹೋಗಲಿ. ಕಾಲುಬಾಯಿ ಜ್ವರದ ವಿಷಾಣು ಪಾದರಕ್ಷೆಗೆ ಅಂಟಿಕೊಂಡೂ ಬರುತ್ತದೆ.

ಒಂದು ಮಾತನ್ನು ಅತಿಥಿಗಳಿಗೆ ಹೇಳಲು ಅನೇಕರು ಹಿಂಜರಿಯುತ್ತಾರೆ. ಅದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಈ ರೋಗ ಉಣುಗಿನ ಕಡಿತದಿಂದ ಬರುತ್ತದೆ. ಸುಮಾರು ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಮಕ್ಕಳ ಬೇಸಿಗೆ ರಜೆಯೂ ಆಗಲೇ ಬರುತ್ತದೆ. ರೋಗ ಕಂಡ ಕಾಡಿಗೆ ಆ ತಿಂಗಳುಗಳಲ್ಲಿ ಅತಿಥಿಗಳನ್ನು ಕರೆದೊಯ್ಯಬೇಡಿ. ಹೇಳಿದರೆ ಗಿರಾಕಿ ತಪ್ಪೀತು ಎಂದು ಮುಚ್ಚಿಡುವುದು ಆತಿಥ್ಯವಲ್ಲ.

ಕಾನೂನಿನ ಕೆಲಸವನ್ನೂ ಮೊದಲೇ ಮುಗಿಸಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವುದಾದರೆ 1964ರ ಭೂಕಂದಾಯ ಕಾಯಿದೆಯ 95ನೇ ಪ್ರಕರಣದ ಪ್ರಕಾರ ಪರಿವರ್ತನೆ ಬೇಕು. ಈ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ವರದಿ ಕಳಿಸಬೇಕು.

ಕಡೆಯದಾಗಿ, ಲೆಕ್ಕದ ಪುಸ್ತಕ. ಅತಿಥಿಗಳ ಅಡುಗೆ, ಹಾಸಿಗೆ, ಒಗೆತ ಎಲ್ಲವೂ ಮನೆಯ ಹೆಂಗಸರ ಮೇಲೆ ಬೀಳುತ್ತವೆ. ಆಳಿನ ಕೂಲಿಯನ್ನು ಬರೆಯುವ ಪುಟದಲ್ಲೇ ಅವರ ದುಡಿಮೆಯನ್ನೂ ದಿನದ ಲೆಕ್ಕದಲ್ಲಿ ಬರೆಯಿರಿ. ಅದನ್ನು ಕಳೆದ ಮೇಲೆ ಉಳಿದರೆ ಲಾಭ. ಉಳಿಯದಿದ್ದರೆ ಕೋಣೆಯ ದರವನ್ನು ಏರಿಸಿ, ಇಲ್ಲವೆ ಕೊಟ್ಟಿಗೆಗೆ ಮತ್ತೆ ಒಂದು ಹಸು ಕಟ್ಟಿ.