ಪದವು ಕೈತಪ್ಪುವ ಮೊದಲು: ಊರವರಲ್ಲಿ ಒಂದು ಮನವಿ



ಮೆಲ್ಕಾರ್‌ನಲ್ಲಿ ಹೆದ್ದಾರಿ ಬಿಟ್ಟು ಮುಡಿಪು ರಸ್ತೆ ಹಿಡಿದರೆ ಮಾರ್ನಬೈಲು, ಸಜಿಪ, ಬೋಳಿಯಾರು ಎಂದು ದಾರಿ ಏರುತ್ತ ಇಳಿಯುತ್ತ ಸಾಗುತ್ತದೆ. ತಗ್ಗಿನಲ್ಲಿ ಬೈಲು, ಅದರಂಚಿಗೆ ಮಜಲು, ಬೆಟ್ಟು, ಅಡಿಕೆ ತೋಟ. ಅದರಾಚೆ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಮುರಕಲ್ಲಿನ ಬಯಲು, ನಾವೆಲ್ಲ ಪದವು ಎಂದು ಕರೆಯುವ ಜಾಗ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಊರಿನ ನಕ್ಷೆ ಹೆಚ್ಚುಕಡಿಮೆ ಹೀಗೆಯೇ. ಕೆಳಗಿನ ಜಾಗಕ್ಕೆ ಪಟ್ಟೆ ಇದೆ, ಬೇಲಿ ಇದೆ, ಕೇಳುವ ಯಜಮಾನರಿದ್ದಾರೆ. ಮೇಲಿನ ಜಾಗ ಊರಿನದು, ಆದ್ದರಿಂದಲೇ ಅದನ್ನು ಕೇಳುವವರು ಕಡಿಮೆ. ಆ ಜಾಗದ ಪರವಾಗಿ ನಿಮ್ಮಲ್ಲಿ ಒಂದು ಬೇಡಿಕೆ ಇಡುತ್ತಿದ್ದೇನೆ. ಹಟ್ಟಿಯಲ್ಲಿ ದನ ಕಟ್ಟಿದವರು, ಭಾನುವಾರ ಬ್ಯಾಟು ಹಿಡಿದು ಪದವಿಗೆ ಹೋಗುವ ಹುಡುಗರು, ಹಕ್ಕಿ-ಪ್ರಾಣಿಗಳ ಮೇಲೆ ಪ್ರೀತಿ ಇಟ್ಟವರು, ಮೂವರೂ ದಯವಿಟ್ಟು ಕೊನೆಯವರೆಗೆ ಓದಬೇಕು.

ಮೊದಲು ಈ ಜಾಗ ಯಾರದು ಎಂಬ ಲೆಕ್ಕ. ಬಯಲುಸೀಮೆಯ ಊರುಗಳಂತೆ ನಮ್ಮಲ್ಲಿ ವಿಸ್ತಾರವಾದ ಗೋಮಾಳಗಳಿಲ್ಲ. ಮದ್ರಾಸು ಆಡಳಿತದ ಕಾಲದಿಂದ ನಮ್ಮ ದನಗಳ ಹೊಟ್ಟೆ ತುಂಬಿಸಿದ್ದು ಹೆಚ್ಚಾಗಿ ಕುಮ್ಕಿ. ವರ್ಗ ಜಾಗದ, ಅಂದರೆ ಪಟ್ಟೆ ಜಾಗದ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಸೌದೆ ತರುವ, ದನ ಮೇಯಿಸುವ ಸವಲತ್ತು ಆ ವರ್ಗದಾರನಿಗೆ ಇತ್ತು. 1956ರ ತನಕ ನಮ್ಮ ಜೊತೆಗೇ ಇದ್ದ ಕಾಸರಗೋಡಿನಲ್ಲಿಯೂ ಇದೇ ಪದ್ಧತಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಈ ಸವಲತ್ತನ್ನು ಹೆಸರು ಹೇಳಿ ಉಳಿಸಿಕೊಟ್ಟಿತು. ಉತ್ತರ ಕನ್ನಡದ ಬೆಟ್ಟ, ಹಾಡಿ, ಕೊಡಗಿನ ಬಾಣೆಗಳ ಸಾಲಿನಲ್ಲಿ ನಮ್ಮ ಕುಮ್ಕಿಯೂ ಇದೆ. ಆದರೆ ಅದು ಸವಲತ್ತು ಮಾತ್ರ, ಒಡೆತನ ಅಲ್ಲ. ಈ ಒಂದು ಮಾತನ್ನು ನಾವು ಮರೆತಲ್ಲಿಂದಲೇ ತೊಂದರೆ ಆರಂಭವಾಯಿತು ಎಂದು ನನ್ನ ಅಭಿಪ್ರಾಯ. ಸೊಪ್ಪು ತರಲು ಇದ್ದ ಗುಡ್ಡಕ್ಕೆ ಮೊದಲು ಗೇರು ಬಂತು, ಆಮೇಲೆ ರಬ್ಬರು, ಈಗ ಜೆಸಿಬಿಯಲ್ಲಿ ತಟ್ಟು ಮಾಡಿ ಅಡಿಕೆ. ಪಕ್ಕದ ಮನೆಯ ದನಕ್ಕೆ ಇದ್ದ ದಾರಿ ಮುಚ್ಚಿತು.

ಕುಮ್ಕಿಯ ಆಚೆಗೂ ಸರಕಾರಿ ಜಾಗ ಉಂಟು. ಅದೇ ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ಉಚಿತ ಮೇವಿಗೆಂದು ಜಾಗ ಕಾದಿರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ, ಕಾದಿರಿಸಿದ ಮೇಲೆ ಅವರ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. 1966ರ ನಿಯಮಗಳ 97ನೇ ನಿಯಮ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಎಂದು ಅಳತೆಯನ್ನೂ ಹೇಳಿದೆ. ನಿಮ್ಮ ಗ್ರಾಮದಲ್ಲಿ ಎಷ್ಟು ದನ, ಅವಕ್ಕೆ ಎಷ್ಟು ಜಾಗ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿದ್ದನ್ನು ನೀವು ಕಂಡಿದ್ದೀರಾ?

ದನ ಮೇಯಲು ಬಿಡುವವರು ಈಗ ಎಲ್ಲಿದ್ದಾರೆ ಎಂದು ಕೆಲವರು ಹೇಳುತ್ತಾರೆ. ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಹೆಚ್ಚಿನವು ಮಿಶ್ರತಳಿ, ಅವು ಹಟ್ಟಿಯಲ್ಲೇ ನಿಂತು ಹಿಂಡಿ ತಿನ್ನುತ್ತವೆ, ಅದು ನಿಜ. ಆದರೆ ನಮ್ಮ ಊರ ದನ, ಮಲೆನಾಡು ಗಿಡ್ಡ ಎಂದು ರಾಷ್ಟ್ರೀಯ ಮಟ್ಟದಲ್ಲಿ ನೋಂದಣಿಯಾದ ತಳಿ, ಬದುಕುವುದೇ ಗುಡ್ಡ ಮೇಯ್ದು. ಗಿಡ್ಡ ಕಾಲು, ಗಟ್ಟಿ ಗೊರಸು, ಮುರಕಲ್ಲಿನ ಮೇಲೆ ಜಾರದ ನಡಿಗೆ, ಎಡೆಬಿಡದ ಮಳೆಯಲ್ಲೂ ನಿಲ್ಲುವ ಮೈ. ಹಾಲು ಕೊಡುವುದು ಕಡಿಮೆ, ಖರ್ಚು ಅದಕ್ಕಿಂತಲೂ ಕಡಿಮೆ. ಇಂಥ ಎರಡು ಮೂರು ದನ ಕಟ್ಟಿಕೊಂಡವರು ಯಾರು ನೋಡಿ: ಐದು ಸೆಂಟ್ಸ್ ಜಾಗದವರು, ಬೀಡಿ ಕಟ್ಟುವ ಮನೆಯವರು, ಮಕ್ಕಳು ಮುಂಬಯಿಗೋ ದುಬೈಗೋ ಹೋದ ಮೇಲೆ ಒಬ್ಬರೇ ಉಳಿದ ಹಿರಿಯರು. ಹಿಂಡಿ ಚೀಲದ ಬೆಲೆ ಇವರ ಕೈಗೆ ನಿಲುಕುವುದಿಲ್ಲ. ಪದವು ಹೋದರೆ ಮೊದಲು ಖಾಲಿಯಾಗುವುದು ಇವರ ಹಟ್ಟಿ. ನನಗೆ ಕೇಳಿದರೆ, ಪದವಿನ ಮೇಲೆ ಮೊದಲ ಮಾತು ಇವರದೇ.

ಎರಡನೆಯವರು ಆಡುವ ಹುಡುಗರು. ನಮ್ಮ ಕಡೆ ಶಾಲೆಯ ಅಂಗಳ ಬಿಟ್ಟರೆ ಸಮತಟ್ಟು ಜಾಗ ಸಿಗುವುದು ಪದವಿನಲ್ಲಿ ಮಾತ್ರ. ಎಷ್ಟೋ ಗ್ರಾಮಗಳಿಗೆ ಅದೇ ಕ್ರೀಡಾಂಗಣ, ಅದೇ ಅಂಡರ್‌ಆರ್ಮ್ ಟೂರ್ನಮೆಂಟಿನ ಮೈದಾನ, ಮೇಳ ಬಂದಾಗ ಅದೇ ಯಕ್ಷಗಾನದ ಬಯಲು. ಆಟದ ಜಾಗ ಕೇಳುವುದು ಹುಡುಗರ ಹಕ್ಕು. ಟೂರ್ನಮೆಂಟ್ ಮುಗಿದ ಮರುದಿನ ಬಿದ್ದಿರುವ ನೀರಿನ ಬಾಟಲಿ, ಪ್ಲಾಸ್ಟಿಕ್ ತಟ್ಟೆ, ಗುಟ್ಕಾ ಪ್ಯಾಕೆಟುಗಳಿಗೆ ಮಾತ್ರ ಯಾರ ಹಕ್ಕೂ ಇಲ್ಲ. ಊಟದ ವಾಸನೆ ಇರುವ ಪ್ಲಾಸ್ಟಿಕ್ಕನ್ನು ದನ ಬಿಡುವುದಿಲ್ಲ. ಮೈದಾನ ಸಾಫಾಗಲಿ ಎಂದು ಒಣಗಿದ ಮುಳಿಹುಲ್ಲಿಗೆ ಬೆಂಕಿ ಕೊಡುವ ಅಭ್ಯಾಸವೂ ಕೆಲವೆಡೆ ಇದೆ. ದಯಮಾಡಿ ಅದನ್ನು ಬಿಡಿ. ಬೇಸಗೆಯ ಗಾಳಿಗೆ ಆ ಬೆಂಕಿ ಮೈದಾನದ ಗೆರೆಯಲ್ಲಿ ನಿಲ್ಲುವುದಿಲ್ಲ. ಇತ್ತೀಚೆಗೆ ಬೈಕು, ಜೀಪು ಹತ್ತಿಸಿ ಕೆಸರೆಬ್ಬಿಸುವ ಆಟವೂ ಬಂದಿದೆ. ಒಂದು ಮಳೆಗಾಲ ಹಾಗೆ ಓಡಿಸಿದ ಜಾಗದಲ್ಲಿ ಇರುವ ತೆಳು ಮಣ್ಣು ಕೊಚ್ಚಿಹೋಗಿ ಬರೀ ಕಲ್ಲು ಕಾಣುತ್ತದೆ, ಹುಲ್ಲು ಏಳುವುದಿಲ್ಲ.

ಇನ್ನು ಮೂರನೆಯವರು, ಗ್ರಾಮಸಭೆಗೆ ಬಂದು ಮಾತಾಡಲಾರದವರು. ಬೇಸಗೆಯಲ್ಲಿ ಪದವಿನ ಮೇಲೆ ನಡೆಯುವಾಗ ಟಿಟ್ಟಿಭ ತಲೆಯ ಮೇಲೆ ಹಾರಿ ಕಿರುಚಲು ತೊಡಗಿದರೆ ಅಲ್ಲಿಯೇ ನಿಂತು ನೆಲ ನೋಡಿ. ಗೂಡು ಎಂಬುದೇ ಇಲ್ಲ. ಜಲ್ಲಿಯ ನಡುವೆ ಅಂಗೈಯಷ್ಟು ತಗ್ಗು, ಅದರಲ್ಲಿ ಹೆಚ್ಚಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಕ್ಕೆ ಸೇರಿಸಿ ಜೋಡಿಸಿಟ್ಟ ಹಾಗೆ. ಬಣ್ಣ ಮಣ್ಣಿನದೇ, ಮೇಲೆ ಕಪ್ಪು ಚುಕ್ಕೆ; ಒಂದಡಿ ದೂರದಲ್ಲಿದ್ದರೂ ಕಲ್ಲೋ ಮೊಟ್ಟೆಯೋ ಗೊತ್ತಾಗುವುದಿಲ್ಲ. ದನ ಹತ್ತಿರ ಬಂದರೆ ತಾಯಿ ಹಕ್ಕಿ ರೆಕ್ಕೆ ಬಿಡಿಸಿ ಎದುರಿಗೆ ನಿಲ್ಲುತ್ತದೆ, ದನ ಪಕ್ಕಕ್ಕೆ ಸರಿದು ಹೋಗುತ್ತದೆ. ಅವೆರಡರ ನಡುವೆ ಎಷ್ಟೋ ಕಾಲದಿಂದ ಹೊಂದಾಣಿಕೆ ಇದೆ. ಪಿಚ್ ಹದ ಮಾಡುವ ರೋಲರಿಗೆ ಸರಿಯಲು ಬರುವುದಿಲ್ಲ, ನಾವೇ ಸರಿಸಬೇಕು.

ಮೊಲ, ಮುಂಗುಸಿ, ನರಿ, ಮುಳ್ಳುಹಂದಿ, ನವಿಲು ಇವೆಲ್ಲ ಈ ಕುರುಚಲು ಗುಡ್ಡಗಳನ್ನೇ ನಂಬಿವೆ. ಕುಂಟಲ, ಕೇಪಳ, ನೆಕ್ಕರೆಯ ಹಣ್ಣು ಮಕ್ಕಳಿಗೂ ಹಕ್ಕಿಗಳಿಗೂ ಒಂದೇ ಗಿಡದಿಂದ ಸಿಗುತ್ತಿತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿಗೆ ಇರುವ ಬೆಳ್ತಂಗಡಿಯವರಿಗೆ ಆನೆ, ಕಾಟಿ, ಚಿರತೆಯ ಉಪದ್ರ ಬೇರೆಯವರು ಹೇಳಿಕೊಡಬೇಕಿಲ್ಲ. ಕೃಷಿಕರ ಸಿಟ್ಟಿಗೆ ಕಾರಣ ಇದೆ. ಒಂದು ರಾತ್ರಿಯಲ್ಲಿ ಬಾಳೆ, ಅಡಿಕೆ ಸಸಿ ನೆಲಸಮವಾದರೆ ಯಾರಿಗೆ ತಡೆದೀತು? ಆದರೆ ಕಾಡಿಗೂ ತೋಟಕ್ಕೂ ನಡುವೆ ಇದ್ದ ಗುಡ್ಡವನ್ನು ನಾವು ತೋಟಕ್ಕೆ ಸೇರಿಸಿಕೊಂಡ ಮೇಲೆ ಹಂದಿಯೂ ಮಂಗವೂ ನೇರ ತೋಟಕ್ಕೇ ಬರುತ್ತವೆ ಎಂಬುದನ್ನೂ ನೆನಪಿಡಬೇಕು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಾಲುಸಾಲು ನೆಟ್ಟ ಅಕೇಶಿಯಾದಿಂದ ಯಾರಿಗೂ ಉಪಕಾರವಾಗಲಿಲ್ಲ. ಅದರ ಎಲೆ ದನ ತಿನ್ನುವುದಿಲ್ಲ, ಬಿದ್ದ ಎಲೆಯ ಕೆಳಗೆ ಹುಲ್ಲು ಏಳುವುದಿಲ್ಲ.

ನೀರಿನ ವಿಷಯ ಬೇರೆಯೇ ಬರೆಯಬೇಕಾದದ್ದು, ಇಲ್ಲಿ ಒಂದು ಮಾತು ಸಾಕು. ನಮ್ಮದೇ ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ ನೀರು ತಂದು ತೋಟ ಎಬ್ಬಿಸಿದವರು. 2022ರಲ್ಲಿ ಪದ್ಮಶ್ರೀ ಬಂತು. ಸುರಂಗಕ್ಕೂ ಮದಕಕ್ಕೂ ಕೆಳಗಿನ ಬಾವಿಗೂ ನೀರು ಇಳಿಯುವುದು ಮೇಲಿನ ಗುಡ್ಡದಿಂದ.

ಈ ಮೂವರ ನಡುವೆ ಜಗಳ ಇಲ್ಲ ಎಂದಲ್ಲ. ಪಿಚ್ ಮೇಲೆ ಸೆಗಣಿ ಎಂದು ಹುಡುಗರಿಗೆ ಕೋಪ, ಚೆಂಡು ತಾಗಿ ಗಬ್ಬದ ದನ ಬೆದರಿತೆಂದು ದನದವರಿಗೆ ಕೋಪ, ಇಬ್ಬರ ಮೇಲೂ ಪರಿಸರದವರಿಗೆ ಕೋಪ. ಈ ಮೂವರು ಮಾತು ಬಿಟ್ಟು ಕೂತಾಗ ನಾಲ್ಕನೆಯವನು ಬರುತ್ತಾನೆ. ರಾತ್ರಿ ಲಾರಿ ತಂದು ಮುರಕಲ್ಲು ಕೊಯ್ಯುವವನು, ಮಣ್ಣು ಸಾಗಿಸುವವನು, ಬೇಲಿ ಹಾಕಿ ಅಕ್ರಮ-ಸಕ್ರಮಕ್ಕೆ ಅರ್ಜಿ ಕೊಡುವ ಶ್ರೀಮಂತ. ಕಲ್ಲು ತೆಗೆದು ಬಿಟ್ಟ ಹೊಂಡ ಮಳೆಗಾಲದಲ್ಲಿ ತುಂಬಿ ನಿಲ್ಲುತ್ತದೆ, ಮಕ್ಕಳಿಗೂ ದನಗಳಿಗೂ ಅಪಾಯ. 2025ರಲ್ಲಿ ಇದೇ ಮುರಕಲ್ಲು, ಅಂದರೆ ಕೆಂಪುಕಲ್ಲು ಸಿಗದೆ ಮನೆ ಕೆಲಸಗಳು ನಿಂತಾಗ ಜಿಲ್ಲೆಯಲ್ಲಿ ಪ್ರತಿಭಟನೆ ನಡೆಯಿತು. ಕೆಲಸ ಇಲ್ಲದೆ ಕೂತ ಮೇಸ್ತ್ರಿಗಳ, ಕೂಲಿಯವರ ಕಷ್ಟ ದೊಡ್ಡದು. ಕಲ್ಲು ಬೇಕು, ಪರವಾನಿಗೆ ಇರುವ ಜಾಗದಿಂದ, ಅಳತೆ ಪ್ರಕಾರ, ಹೊಂಡ ಮುಚ್ಚುವ ಕರಾರಿನ ಮೇಲೆ ತೆಗೆಯಲಿ. ಸರಕಾರಕ್ಕೂ ಜಾಗ ಬೇಕಾದಾಗ ಮೊದಲು ಕಣ್ಣಿಗೆ ಬೀಳುವುದು ಪದವೇ. ಬಂಟ್ವಾಳ ಪುರಸಭೆಯ ಕಸ ಕಂಚಿನಡ್ಕಪದವಿಗೆ ಹೋದಾಗ ಸಜಿಪನಡುವಿನವರು ಮಾಡಿದ ವಿರೋಧ ನಿಮಗೆ ನೆನಪಿರಬಹುದು.

ಗುಡ್ಡವನ್ನು ಒಂದೇ ಬೆಳೆಗೆ ಒಪ್ಪಿಸಿದ ಪರಿಣಾಮ ಕೊಕ್ಕಡದವರು ಅನುಭವಿಸಿದ್ದಾರೆ. ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ಬೆಳ್ತಂಗಡಿ ತಾಲೂಕಿನ ಮನೆಗಳಲ್ಲಿ ಮಾಡಿದ ಅನಾಹುತಕ್ಕೆ ಸಾಕ್ಷಿ ಇಂದಿಗೂ ಹಾಸಿಗೆ ಹಿಡಿದ ಮಕ್ಕಳು. ಮೇವಿನ ಜಾಗವೇ ಕೈತಪ್ಪಿದ ಉದಾಹರಣೆಯೂ ಇದೆ. ಚಳ್ಳಕೆರೆಯಲ್ಲಿ ಕುರಿ-ದನ ಮೇಯುತ್ತಿದ್ದ, ಕೃಷ್ಣಮೃಗ ಓಡಾಡುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ, ಸಂಶೋಧನಾ ಸಂಸ್ಥೆಗಳ ಪಾಲಾಯಿತು; ಭಾರತೀಯ ವಿಜ್ಞಾನ ಸಂಸ್ಥೆಗೇ 1,500 ಎಕರೆ. ಬೇಲಿ ಎದ್ದ ಮೇಲೆ ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಯಿತು.

ಗೆದ್ದ ಉದಾಹರಣೆಯೂ ಇದೆ. 1984ರಲ್ಲಿ ರಾಜ್ಯ ಸರಕಾರ ಮಲೆನಾಡು, ಅರೆಮಲೆನಾಡಿನ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಜಾಗವನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಕೊಡಲು ಹೊರಟಿತು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರ ಜೊತೆ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಪುತ್ತೂರಿನ ಶಿವರಾಮ ಕಾರಂತರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು, ಮೇವಿನ, ಹಣ್ಣಿನ ಸಸಿ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಆ ಸತ್ಯಾಗ್ರಹದ ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು. ಗೆದ್ದದ್ದು ದನದವರು, ಕಟ್ಟಿಗೆಯವರು, ಕಾಡಿನ ಚಿಂತೆಯವರು ಒಂದೇ ಕಡೆ ನಿಂತದ್ದರಿಂದ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಮನವಿ ಭೂಮಿ ಇಲ್ಲದವರ ವಿರುದ್ಧ ಅಲ್ಲ. ಪರಿಶಿಷ್ಟರಿಗೆಂದು ಕಾದಿರಿಸಿದ ಡಿ.ಸಿ. ಮನ್ನಾ ಜಾಗ ಅವರಿಗೇ ಸೇರಬೇಕು. ಅದು ಇನ್ನೂ ಪೂರ್ತಿ ಸೇರದಿರುವುದು ನಮ್ಮ ಜಿಲ್ಲೆಗೆ ಶೋಭೆ ತರುವುದಿಲ್ಲ. ಮನೆ ನಿವೇಶನಕ್ಕೆ ಮೂರು ಸೆಂಟ್ಸ್ ಕೇಳುವವರನ್ನು ‘ಪದವು ಉಳಿಸಿ’ ಎಂದು ಓಡಿಸಲು ಹೊರಟವರ ಜೊತೆ ನಾನಿಲ್ಲ. ಎಕರೆಗಟ್ಟಲೆ ಬೇಲಿ ಹಾಕಿದವರನ್ನು ಮೊದಲು ಕೇಳೋಣ. ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ 2011ರ ಜನವರಿ 28ರಂದು ಸುಪ್ರೀಂ ಕೋರ್ಟು ಊರಿನ ಸಾಮುದಾಯಿಕ ಜಾಗಗಳ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳಿಗೂ ಹೇಳಿದಾಗಲೂ, ಭೂಹೀನರಿಗೆ, ಪರಿಶಿಷ್ಟರಿಗೆ ಸರಕಾರವೇ ಕೊಟ್ಟ ಜಾಗವನ್ನು ಬೇರೆಯಾಗಿ ನೋಡಬೇಕೆಂದೇ ಹೇಳಿತ್ತು.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಪದವಿಗೆ ಹೋಗಿ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರಿನ ಆರ್‌ಟಿಸಿ ತೆಗೆದು 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಸರಕಾರ ಎಂದಿದ್ದರೆ ಎಷ್ಟು ಎಕರೆ, ಯಾವುದಕ್ಕೆ ಕಾದಿರಿಸಿದ್ದು, ಎಷ್ಟು ಒತ್ತುವರಿಯಾಗಿದೆ ಎಂದು ಗ್ರಾಮ ಆಡಳಿತ ಅಧಿಕಾರಿಯಲ್ಲಿ ಲಿಖಿತವಾಗಿ ಕೇಳಿ. ಮೇವಿನ ಜಾಗದ ನಿರ್ವಹಣೆ ಮತ್ತು ಅದರ ಅನಧಿಕೃತ ಬಳಕೆ ತಡೆಯುವುದು 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಗ್ರಾಮ ಪಂಚಾಯತಿಗೆ ವಹಿಸಿದ ಕೆಲಸ. ಆದ್ದರಿಂದ ಇದನ್ನು ಕೇಳಿದರೆ ಯಾರಲ್ಲಿಯೂ ಉಪಕಾರ ಕೇಳಿದ ಹಾಗಾಗುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಿಮ್ಮ ಪಂಚಾಯತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ಆಯಿತು ಎಂದು ಕೇಳಿ, ಪದವಿನ ಹಕ್ಕಿ-ಗಿಡಗಳ ಹೆಸರು ದಾಖಲೆಗೆ ಹೋಗುವಂತೆ ಮಾಡಿ.

ಅದಕ್ಕೂ ಮೊದಲು ನಿಮ್ಮ ನಡುವೆ ಒಂದು ಒಪ್ಪಂದ ಆಗಲಿ. ಬೆಳಿಗ್ಗೆ ದನಕ್ಕೆ, ಸಂಜೆ ನಾಲ್ಕರ ಮೇಲೆ ಆಟಕ್ಕೆ. ಒಂದು ಮೂಲೆಯನ್ನು ಗುರುತಿಸಿ, ಮೊಟ್ಟೆ ಇಡುವ ತಿಂಗಳುಗಳಲ್ಲಿ ಅಲ್ಲಿಗೆ ರೋಲರೂ ಬೇಡ, ವಾಹನವೂ ಬೇಡ. ಹುಲ್ಲಿಗೆ ಬೆಂಕಿ ಯಾರೂ ಕೊಡಬಾರದು. ಟೂರ್ನಮೆಂಟ್ ಮಾಡಿದ ಸಂಘವೇ ಕಸ ಹೆಕ್ಕಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೂರೂ ಕಡೆಯವರು ಸಹಿ ಹಾಕಿ ಪಂಚಾಯತಿಗೆ ಕೊಡಿ. ಆ ಹಾಳೆ ಕೈಯಲ್ಲಿದ್ದರೆ ನಾಳೆ ಬೇಲಿ ಹಾಕಲು ಬಂದವನಿಗೆ ‘ಈ ಜಾಗ ಯಾರೂ ಬಳಸುತ್ತಿಲ್ಲ’ ಎನ್ನಲು ಬಾಯಿ ಬರುವುದಿಲ್ಲ.

ಪುರಸಭೆ ವ್ಯಾಪ್ತಿಯವರು ವಾರ್ಡಿನ ಸದಸ್ಯರನ್ನು ಹಿಡಿಯಿರಿ. ಗ್ರಾಮದವರು ಮುಂದಿನ ಗ್ರಾಮಸಭೆಯ ತಾರೀಕು ಈಗಲೇ ಕೇಳಿಟ್ಟುಕೊಳ್ಳಿ. ಆ ದಿನ ದನದವರು ಆಟದ ಹುಡುಗರನ್ನು ಕರೆದುಕೊಂಡು ಬನ್ನಿ, ಹುಡುಗರು ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ, ಮತ್ತು ನಿಮ್ಮ ಪದವಿನ ಸರ್ವೆ ನಂಬರ್ ನಡಾವಳಿ ಪುಸ್ತಕದಲ್ಲಿ ದಾಖಲಾಗುವ ತನಕ ಎದ್ದು ಹೋಗಬೇಡಿ.