ಸಣ್ಣ ಕಾಲೇಜುಗಳ ಆಟಗಾರರ ಮುಂದಿನ ಗತಿ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿ ವರ್ಷವೂ ಮೇ ತಿಂಗಳ ಸುಮಾರಿಗೆ ಕಾಲೇಜುಗಳ ಪದವೀದಾನ ಸಮಾರಂಭಗಳು ನಡೆಯುವುವು. ಜೂನ್ ತಿಂಗಳಲ್ಲಿ ಬಾಸ್ಕೆಟ್‌ಬಾಲ್ ಆಟದ ವೃತ್ತಿ ತಂಡಗಳು ಒಂದೆಡೆ ಕೂಡಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುವು. ಈ ಎರಡನೆಯ ಸಮಾರಂಭವನ್ನು ಲೋಕವೆಲ್ಲ ಕಣ್ಣಿಟ್ಟು ನೋಡುವುದು. ಆಯ್ಕೆಯಾದ ತರುಣನ ಹೆಸರು ಒಂದೇ ರಾತ್ರಿಯಲ್ಲಿ ಖಂಡಾಂತರಗಳಿಗೆ ಹಬ್ಬುವುದು. ಆದರೆ ಅಲ್ಲಿ ಆರಿಸಲ್ಪಡುವವರು ಎಷ್ಟು ಮಂದಿ? ತಂಡಗಳು ೩೦, ಸುತ್ತುಗಳು ಎರಡು. ಹೆಚ್ಚೆಂದರೆ ೬೦ ಮಂದಿ. ಅವರಲ್ಲಿಯೂ ಹಲವರು ಪರದೇಶಗಳಿಂದ ಬಂದವರು. ಅತ್ತ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್.ಸಿ.ಎ.ಎ.ಯ ಮೂರು ವಿಭಾಗಗಳಲ್ಲಿ ಈ ಆಟವನ್ನಾಡುವ ಗಂಡುಮಕ್ಕಳೇ ಸುಮಾರು ೧೯,೦೦೦. ಆ ಸಂಘಕ್ಕೆ ಸೇರದ ಸಣ್ಣ ಕಾಲೇಜುಗಳ ಆಟಗಾರರು ಈ ಲೆಕ್ಕದಲ್ಲಿ ಬಂದಿಲ್ಲ. ಆಯ್ಕೆಗೆ ಅರ್ಹತೆ ಪಡೆದವರಲ್ಲಿ ನೂರಕ್ಕೆ ಹೆಚ್ಚುಕಡಮೆ ಒಬ್ಬನಿಗೆ ಮಾತ್ರ ಆ ಭಾಗ್ಯವುಂಟೆಂದು ಸಂಘವೇ ಲೆಕ್ಕ ಹಾಕಿ ತಿಳಿಸಿರುವುದು. ಉಳಿದ ತೊಂಬತ್ತೊಂಬತ್ತು ಮಂದಿಯ ಗತಿಯೇನು, ಅವರಲ್ಲಿಯೂ ಸಣ್ಣ ಕಾಲೇಜಿನಲ್ಲಿ ಆಡಿದವನ ಗತಿಯೇನು, ಎಂಬ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಈ ಆಟವು ಹುಟ್ಟಿದ್ದೇ ವಿದ್ಯಾಶಾಲೆಯಲ್ಲಿ. ೧೮೯೧ನೆಯ ಇಸವಿಯ ಡಿಸೆಂಬರಿನಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು, ಚಳಿಗಾಲದಲ್ಲಿ ಹೊರಗೆ ಆಡಲಾರದ ವಿದ್ಯಾರ್ಥಿಗಳಿಗೆ ವ್ಯಾಯಾಮವಾಗಲೆಂದು, ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ, ೧೩ ನಿಯಮಗಳನ್ನು ಬರೆದು ಇದನ್ನು ಆರಂಭಿಸಿದರು. ೧೯೩೭ರಲ್ಲಿ ಸಣ್ಣ ಕಾಲೇಜುಗಳಿಗಾಗಿಯೇ ಕ್ಯಾನ್ಸಸ್ ಸಿಟಿಯಲ್ಲಿ ಒಂದು ಪಂದ್ಯಾವಳಿಯನ್ನು ಏರ್ಪಡಿಸಿದವರಲ್ಲಿಯೂ ಅವರೊಬ್ಬರು. ಇಂದು ಎನ್.ಎ.ಐ.ಎ. ಎಂದು ಕರೆಯಲ್ಪಡುವ ಸಂಘಕ್ಕೆ ಅದೇ ಮೂಲ. ೧೯೪೮ರಲ್ಲಿ ಕಪ್ಪು ವರ್ಣದ ಆಟಗಾರರಿಗೆ ಪ್ರವೇಶ ಕೊಟ್ಟ ಕೀರ್ತಿಯೂ ಆ ಪಂದ್ಯಾವಳಿಗೆ ಸಲ್ಲುವುದು. ಎನ್.ಸಿ.ಎ.ಎ.ಯು ತನ್ನ ಕಾಲೇಜುಗಳನ್ನು ೧೯೭೩ರಲ್ಲಿ ಮೂರು ವಿಭಾಗಗಳಾಗಿ ಒಡೆಯಿತು. ಹಣವೂ ಕೀರ್ತಿಯೂ ಮೊದಲನೆಯದರ ಪಾಲು. ಎರಡನೆಯದರಲ್ಲಿ ಒಂದು ತಂಡಕ್ಕೆ ೧೦ ಪೂರ್ಣ ವಿದ್ಯಾರ್ಥಿವೇತನಗಳ ಮೊತ್ತವನ್ನು ಮೀರದಂತೆ ಹಂಚಿಕೊಡತಕ್ಕದ್ದು. ೪೦೦ಕ್ಕೂ ಮಿಕ್ಕ ಕಾಲೇಜುಗಳುಳ್ಳ ಮೂರನೆಯದರಲ್ಲಿ ಆಟಕ್ಕೆಂದು ಒಂದು ಕಾಸನ್ನೂ ಕೊಡಕೂಡದು. ಅಲ್ಲಿಯ ಆಟಗಾರನು ಇತರ ವಿದ್ಯಾರ್ಥಿಗಳಂತೆಯೇ ಶುಲ್ಕ ತೆತ್ತು ಓದುವನು. ಸಂಜೆ ಅಭ್ಯಾಸ ಮಾಡುವನು. ಪಂದ್ಯಕ್ಕಾಗಿ ಬಸ್ಸಿನಲ್ಲಿ ನೂರಾರು ಮೈಲಿ ಹೋಗಿ ಬರುವನು.

ಸಣ್ಣ ಕಾಲೇಜಿನಿಂದ ಮಹಾ ಆಟಗಾರರು ಹುಟ್ಟಿಲ್ಲವೇ ಎಂದು ಕೇಳುವವರುಂಟು. ಹುಟ್ಟಿರುವರು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಗ್ರ್ಯಾಂಬ್ಲಿಂಗ್‌ನಿಂದ ವಿಲಿಸ್ ರೀಡ್, ವಿನ್‌ಸ್ಟನ್-ಸೇಲಂನಿಂದ ಅರ್ಲ್ ಮನ್ರೋ ಬಂದರು. ಸೆಂಟ್ರಲ್ ಆರ್ಕನ್ಸಾ ಕಾಲೇಜಿನ ತಂಡದ ಸಾಮಾನುಗಳನ್ನು ನೋಡಿಕೊಳ್ಳುವ ಕೆಲಸದಿಂದ ಆರಂಭಿಸಿದ ಸ್ಕಾಟಿ ಪಿಪ್ಪೆನ್ನನು ೧೯೮೭ರ ಆಯ್ಕೆಯಲ್ಲಿ ಐದನೆಯವನಾಗಿ, ಮುಂದೆ ಷಿಕಾಗೋ ತಂಡಕ್ಕಾಗಿ ಆರು ಸಲ ಬಿರುದು ಗೆದ್ದನು. ವರ್ಜೀನಿಯಾ ಯೂನಿಯನ್ ಕಾಲೇಜಿನ ಬೆನ್ ವ್ಯಾಲೇಸನನ್ನು ೧೯೯೬ರಲ್ಲಿ ಯಾವ ತಂಡವೂ ಆರಿಸಲಿಲ್ಲ. ಆದರೂ ಆತನು ನಾಲ್ಕು ಸಲ ದೇಶದ ಅತ್ಯುತ್ತಮ ರಕ್ಷಕನೆನಿಸಿಕೊಂಡನು. ಈ ಹೆಸರುಗಳನ್ನು ಸಣ್ಣ ಕಾಲೇಜುಗಳ ಶಿಕ್ಷಕರು ಹುಡುಗರ ಕಿವಿಯಲ್ಲಿ ಮಂತ್ರದಂತೆ ಊದುವರು. ಆದರೆ ರೀಡ್, ಮನ್ರೋ ಅವರ ಕಾಲದಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾನಿಲಯಗಳು ಕಪ್ಪು ವರ್ಣದವರನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲವೆಂಬುದನ್ನು ಮರೆಯಬಾರದು. ಆ ಅನ್ಯಾಯದ ಫಲವಾಗಿಯೇ ಅಷ್ಟೊಂದು ಪ್ರತಿಭೆ ಸಣ್ಣ ಕಾಲೇಜುಗಳಲ್ಲಿ ಕೂಡಿತ್ತು. ಆ ಗೋಡೆ ಬಿದ್ದ ಮೇಲೆ ಪ್ರತಿಭೆಯು ದೊಡ್ಡ ಕಾಲೇಜುಗಳತ್ತ ಹರಿಯಿತು. ಈಚೆಗೆ ಹೆಸರಾದ ಡೆರಿಕ್ ವೈಟ್, ಡಂಕನ್ ರಾಬಿನ್‌ಸನ್ ಇಬ್ಬರೂ ಸಣ್ಣ ಕಾಲೇಜುಗಳಲ್ಲಿ ಆರಂಭಿಸಿದವರೇ. ಆದರೆ ದೊಡ್ಡ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಿ ಹೋದ ಬಳಿಕವೇ ವೃತ್ತಿ ತಂಡವನ್ನು ಸೇರಿದರು. ಸಣ್ಣ ಕಾಲೇಜಿನಿಂದ ನೇರವಾಗಿ ಮೇಲೇರುವ ಮೆಟ್ಟಿಲು ಮೊದಲೇ ಕಿರಿದು. ಇಂದು ಇನ್ನೂ ಕಿರಿದಾಗಿರುವುದು.

ಈ ಸಂದರ್ಭದಲ್ಲಿ ನಮಗೆ ನೆನಪಾಗುವುದು ಇವರಾರ ಕಥೆಯೂ ಅಲ್ಲ. ಬೆವೋ ಫ್ರಾನ್ಸಿಸನ ಕಥೆ. ಓಹಾಯೋ ಸಂಸ್ಥಾನದ ರಿಯೋ ಗ್ರ್ಯಾಂಡ್ ಎಂಬ ಹಳ್ಳಿಯ ಕಾಲೇಜಿನಲ್ಲಿ ೧೯೫೨ರ ಸುಮಾರಿಗೆ ನೂರು ಮಂದಿ ವಿದ್ಯಾರ್ಥಿಗಳೂ ಇರಲಿಲ್ಲ. ಬೊಕ್ಕಸ ಬರಿದಾಗಿ ಕಾಲೇಜು ಮುಚ್ಚುವ ಸ್ಥಿತಿಯಲ್ಲಿತ್ತು. ಆಗ ಬಂದ ಈ ತರುಣನು ೧೯೫೩ರ ಜನವರಿಯಲ್ಲಿ ಒಂದೇ ಪಂದ್ಯದಲ್ಲಿ ೧೧೬ ಅಂಕಗಳನ್ನು ಗಳಿಸಿದನು. ಎದುರಾಳಿಯು ಎರಡು ವರ್ಷದ ಕಿರಿಯ ಕಾಲೇಜೆಂಬ ಕಾರಣದಿಂದ ಆ ಲೆಕ್ಕವನ್ನು ತಳ್ಳಿಹಾಕಿದರು. ಮರುವರ್ಷ ಫೆಬ್ರವರಿಯಲ್ಲಿ ಹಿಲ್ಸ್‌ಡೇಲ್ ಕಾಲೇಜಿನ ಮೇಲೆ ೧೧೩ ಅಂಕ ಗಳಿಸಿ ಎಲ್ಲರ ಬಾಯಿ ಮುಚ್ಚಿಸಿದನು. ದೇಶದ ಪತ್ರಿಕೆಗಳೆಲ್ಲ ಆ ಹಳ್ಳಿಯತ್ತ ತಿರುಗಿದುವು, ದೊಡ್ಡ ನಗರಗಳ ಕ್ರೀಡಾಮಂದಿರಗಳಲ್ಲಿ ಪಂದ್ಯಗಳು ಏರ್ಪಟ್ಟುವು, ಹಣ ಬಂತು, ಕಾಲೇಜು ಉಳಿಯಿತು. ಅದು ಇಂದಿಗೂ ವಿಶ್ವವಿದ್ಯಾನಿಲಯವೆಂಬ ಹೆಸರಿನಿಂದ ನಡೆಯುತ್ತಿರುವುದು.

ಕಾಲೇಜನ್ನು ಉಳಿಸಿದವನ ಗತಿಯೇನಾಯಿತು? ಆತನು ೧೯೫೪ರಲ್ಲಿ ಪದವಿಯಿಲ್ಲದೆಯೇ ಕಾಲೇಜು ಬಿಟ್ಟನು. ಊರೂರು ತಿರುಗುವ ಪ್ರದರ್ಶನ ಪಂದ್ಯಗಳಲ್ಲಿ ಎರಡು ವರ್ಷ ಆಡಿದನು. ೧೯೫೬ರಲ್ಲಿ ಫಿಲಡೆಲ್ಫಿಯಾದ ವೃತ್ತಿ ತಂಡವು ಆತನನ್ನು ಆರಿಸಿತು. ತಿರುಗಾಟದಿಂದ ಬೇಸತ್ತಿದ್ದ ಆತನು ಒಪ್ಪದೆ, ಹೆಂಡತಿ ಮಕ್ಕಳೊಡನೆ ಊರಿನಲ್ಲಿ ನಿಂತು ಕಾರ್ಖಾನೆಯ ಕೆಲಸಕ್ಕೆ ಸೇರಿದನು. ೨೦೧೫ರಲ್ಲಿ ತೀರಿಕೊಂಡನು. ಕಾರ್ಖಾನೆಯ ದುಡಿಮೆ ಹೀನವೆಂದು ನಾವು ಹೇಳುವುದಿಲ್ಲ. ಬೆವರು ಸುರಿಸಿ ಉಣ್ಣುವ ಅನ್ನಕ್ಕೆ ಮಿಗಿಲಾದುದಿಲ್ಲ. ಆದರೆ ಆತನ ಆಟದಿಂದ ಬದುಕಿದ ವಿದ್ಯಾಸಂಸ್ಥೆಯಿಂದ ಆತನಿಗೆ ವಿದ್ಯೆ ದೊರೆಯದೆ ಹೋದುದನ್ನು ನೆನೆದಾಗ ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂಬ ಮಾತು ನೆನಪಿಗೆ ಬಾರದಿರದು.

ಇಂದಿನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಮುಖ್ಯ ವೃತ್ತಿ ಸಂಘದಲ್ಲಿ ಹೊಸಬನ ಕನಿಷ್ಠ ವಾರ್ಷಿಕ ವೇತನವೇ ೧೦ ಲಕ್ಷ ಡಾಲರಿಗೂ ಮಿಗಿಲು. ಅದರ ಕೆಳಗೆ, ೨೦೦೧ರಲ್ಲಿ ಆರಂಭವಾದ ಅದರದೇ ಕಿರಿಯ ಸಂಘದಲ್ಲಿ, ಒಂದು ಋತುವಿಗೆ ದೊರೆಯುವುದು ೪೦,೦೦೦ ಡಾಲರಿಗಿಂತ ಸ್ವಲ್ಪ ಮೇಲೆ ಮಾತ್ರ. ನಡುವಣ ಮೆಟ್ಟಿಲುಗಳು ಕೆಲವೇ. ಅದೂ ದೊರೆಯದವರು ಯೂರೋಪು, ಏಷ್ಯಾ, ಲ್ಯಾಟಿನ್ ಅಮೆರಿಕಾಗಳ ತಂಡಗಳನ್ನು ಹುಡುಕಿಕೊಂಡು ಹೋಗುವರು. ಅಲ್ಲಿ ಅನೇಕ ದೇಶಗಳಲ್ಲಿ ಪರದೇಶೀಯ ಆಟಗಾರರಿಗೆ ಮಿತಿಯುಂಟು. ಆ ಕೆಲವೇ ಸ್ಥಾನಗಳಿಗೆ ದೊಡ್ಡ ಕಾಲೇಜಿನವರೂ ಸಣ್ಣ ಕಾಲೇಜಿನವರೂ ಒಟ್ಟಿಗೆ ಮುಗಿಬೀಳುವರು. ಕರಾರು ಒಂದು ಋತುವಿನದು. ಮೊಣಕಾಲು ಮುರಿದರೆ ಅಂದಿಗೆ ಮುಗಿಯಿತು. ಹೀಗೆ ಐದಾರು ವರ್ಷ ಅಲೆದು ಮೂವತ್ತರ ಹೊಸ್ತಿಲಲ್ಲಿ ಊರಿಗೆ ಮರಳಿದವನು, ಜೊತೆಗಾರರು ಇಪ್ಪತ್ತೆರಡರಲ್ಲಿ ಹಿಡಿದ ಕೆಲಸವನ್ನು ಆಗ ಹುಡುಕತೊಡಗುವನು. ಹೆಣ್ಣುಮಕ್ಕಳ ಪಾಲಿಗಂತೂ ದಾರಿ ಇನ್ನೂ ಇಕ್ಕಟ್ಟು. ಅವರ ವೃತ್ತಿ ತಂಡಗಳ ಸಂಖ್ಯೆಯೇ ಗಂಡಸರದರ ಸುಮಾರು ಅರ್ಧದಷ್ಟು.

ಇದರ ಮೇಲೆ ಹೊಸದೊಂದು ಗಾಳಿ ಬೀಸತೊಡಗಿರುವುದು. ೨೦೧೮ರಿಂದ, ಕಾಲೇಜು ಬದಲಿಸಲಿಚ್ಛಿಸುವ ಆಟಗಾರನು ತನ್ನ ಹೆಸರನ್ನು ಒಂದು ಪಟ್ಟಿಯಲ್ಲಿ ನಮೂದಿಸಬಹುದಾಯಿತು. ೨೦೨೧ರಿಂದ ತನ್ನ ಹೆಸರು ಖ್ಯಾತಿಗಳಿಂದ ಹಣ ಗಳಿಸಲು ಅನುಮತಿ ದೊರೆಯಿತು. ೨೦೨೫ರ ಜೂನಿನಲ್ಲಿ ನ್ಯಾಯಾಲಯವು ಒಪ್ಪಿದ ಒಂದು ರಾಜಿಯ ಮೇರೆಗೆ, ಮೊದಲನೆಯ ವಿಭಾಗದ ಒಂದೊಂದು ಕಾಲೇಜೂ ತನ್ನ ಎಲ್ಲ ಆಟಗಳ ಆಟಗಾರರಿಗೆ ಸೇರಿ ಮೊದಲ ವರ್ಷ ಸುಮಾರು ೨ ಕೋಟಿ ೫ ಲಕ್ಷ ಡಾಲರುಗಳವರೆಗೆ ನೇರವಾಗಿ ಹಂಚಬಹುದಾಯಿತು. ದುಡಿದವನಿಗೆ ಪಾಲು ಸಿಗುವುದು ನ್ಯಾಯವೇ ಸರಿ. ನಾವು ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಇದರಿಂದ ಸಣ್ಣ ಕಾಲೇಜು ಸಸಿ ಮಡಿಯಾಯಿತು. ಪೈರನ್ನು ಕಿತ್ತು ನೆಡುವವರು ಬೇರೆಯವರು. ಎರಡು ವರ್ಷ ಒಂದೆಡೆ, ಒಂದು ವರ್ಷ ಇನ್ನೊಂದೆಡೆ, ಹೀಗೆ ಕಾಲೇಜಿನಿಂದ ಕಾಲೇಜಿಗೆ ಹಾರುವವನ ಓದು ಏನಾಗುವುದು? ಕಾಲೇಜು ಬದಲಿಸುವ ವಿದ್ಯಾರ್ಥಿಗಳು, ಆಟಗಾರರಾಗಲಿ ಅಲ್ಲದವರಾಗಲಿ, ಅದುವರೆಗೆ ಓದಿ ಪಡೆದ ಗಣನೆಯಲ್ಲಿ ಸರಾಸರಿ ನೂರಕ್ಕೆ ೪೩ರಷ್ಟನ್ನು ಕಳೆದುಕೊಳ್ಳುವರೆಂದು ಅಮೆರಿಕಾ ಸರ್ಕಾರದ ಲೆಕ್ಕಪರಿಶೋಧನೆಯ ಕಚೇರಿಯು ೨೦೧೭ರಲ್ಲಿ ಅಂದಾಜು ಮಾಡಿತು. ಹಣವಂತನಾಗಿ ಹಾರಿದವನು ಬೆರಳೆಣಿಕೆಯವನು. ಓದು ಕಳೆದುಕೊಂಡು ಹಾರಿದವರು ಅನೇಕರು.

ಉಳಿದುಕೊಂಡವನ ಸ್ಥಿತಿಯಾದರೂ ಭದ್ರವೇ? ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿರುವ ಸಣ್ಣ ಕಾಲೇಜುಗಳಲ್ಲಿ ಎಷ್ಟೋ ಆಡಳಿತದವರು ತರಗತಿಗಳನ್ನು ತುಂಬಲು ತಂಡಗಳನ್ನು ಹೆಚ್ಚಿಸುತ್ತಿರುವರು. ಒಬ್ಬ ಆಟಗಾರನೆಂದರೆ ಶುಲ್ಕ ತೆರುವ ಒಬ್ಬ ವಿದ್ಯಾರ್ಥಿ. ಪಂದ್ಯದಲ್ಲಿ ಐದು ಮಂದಿ ಆಡಬಹುದಾದ ಆಟಕ್ಕೆ ಇಪ್ಪತ್ತು, ಮೂವತ್ತು ಮಂದಿಯನ್ನು ಸೇರಿಸಿಕೊಂಡರೆ ಅದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿದ್ದರೂ ಎಲ್ಲ ಕಾಲೇಜುಗಳೂ ಉಳಿಯಲಿಲ್ಲ. ೨೦೧೩ರಲ್ಲಿ ಎನ್.ಎ.ಐ.ಎ.ಯ ಎರಡನೆಯ ವಿಭಾಗದ ಬಿರುದನ್ನು ಗೆದ್ದ ಮಿಲ್ವಾಕಿಯ ಕಾರ್ಡಿನಲ್ ಸ್ಟ್ರಿಚ್ ವಿಶ್ವವಿದ್ಯಾನಿಲಯವು ೨೦೨೩ರಲ್ಲಿ ಬಾಗಿಲು ಮುಚ್ಚಿತು. ಗೆದ್ದ ಬಿರುದು ಕಾಲೇಜನ್ನು ಕಾಯಲಿಲ್ಲ. ಮುಚ್ಚಿದ ಕಾಲೇಜು ತನ್ನ ಆಟಗಾರನನ್ನು ಕಾಯುವುದೆಂತು?

‘ಹುಡುಗನು ಸಂತೋಷಕ್ಕಾಗಿ ಆಡುವನು, ಅವನಿಗೆ ಇಷ್ಟೆಲ್ಲ ಲೆಕ್ಕವೇಕೆ?’ ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಅದರಲ್ಲಿ ಸತ್ಯವೂ ಉಂಟು. ಬೆಳಗಿನ ಅಭ್ಯಾಸ, ಸೋಲನ್ನು ನುಂಗುವುದು, ತನಗಿಂತ ತಂಡ ದೊಡ್ಡದೆಂದು ಕಲಿಯುವುದು, ಇವು ಜೀವನದಲ್ಲಿ ಒದಗುವ ಗುಣಗಳೇ. ಮೂರನೆಯ ವಿಭಾಗದ ಡಿಪಾ ಕಾಲೇಜಿನಲ್ಲಿ ಆಡಿದ ಬ್ರ್ಯಾಡ್ ಸ್ಟೀವನ್ಸ್ ೧೯೯೯ರಲ್ಲಿ ಅರ್ಥಶಾಸ್ತ್ರದ ಪದವಿ ಪಡೆದು ಒಂದು ಔಷಧ ಕಂಪೆನಿಯಲ್ಲಿ ಉದ್ಯೋಗ ಹಿಡಿದರು. ಮರುವರ್ಷ ಅದನ್ನು ಬಿಟ್ಟು ಬಟ್ಲರ್ ವಿಶ್ವವಿದ್ಯಾನಿಲಯದ ತಂಡದಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಸೇರಿದರು. ೨೦೧೦, ೨೦೧೧ರಲ್ಲಿ ಆ ತಂಡವನ್ನು ರಾಷ್ಟ್ರೀಯ ಅಂತಿಮ ಪಂದ್ಯದವರೆಗೆ ಒಯ್ದರು. ೨೦೧೩ರಲ್ಲಿ ಬಾಸ್ಟನ್ ವೃತ್ತಿ ತಂಡದ ಶಿಕ್ಷಕರಾದರು. ಪೊಮೋನಾ ಕಾಲೇಜಿನಲ್ಲಿ ಆಡಿದ ಮೈಕ್ ಬುಡೆನ್‌ಹೋಲ್ಸರ್ ೨೦೨೧ರಲ್ಲಿ ಮಿಲ್ವಾಕಿ ತಂಡಕ್ಕೆ ಬಿರುದು ಗೆದ್ದುಕೊಟ್ಟರು. ಸ್ಟೀವನ್ಸರ ಧೈರ್ಯವನ್ನು ಎಲ್ಲರೂ ಹೊಗಳುವರು. ಆ ಧೈರ್ಯದ ಹಿಂದೆ ಒಂದು ಪದವಿಯಿತ್ತು, ಕೈಬಿಟ್ಟರೂ ಮತ್ತೆ ಹಿಡಿಯಬಹುದಾದ ಒಂದು ಉದ್ಯೋಗವಿತ್ತು ಎಂಬುದನ್ನು ಹೇಳುವವರು ಕಡಮೆ. ಸಣ್ಣ ಕಾಲೇಜು ಕೊಡಬಹುದಾದ ಅತ್ಯಂತ ದೊಡ್ಡ ಬಹುಮಾನವೆಂದರೆ ಇದೇ. ಇದನ್ನು ಕೊಡದೆ ಬರಿಯ ಆಟವನ್ನು ಕೊಟ್ಟ ಕಾಲೇಜು ಕೊಟ್ಟದ್ದು ಅರ್ಧ.

ಆದಕಾರಣ ನಮ್ಮ ಅಭಿಪ್ರಾಯದಲ್ಲಿ ಮೂರು ಕಾರ್ಯಗಳು ಅವಶ್ಯವಾಗಿ ನಡೆಯತಕ್ಕವು. ಮೊದಲನೆಯದಾಗಿ, ಆಟಗಾರನನ್ನು ಕರೆಯಲು ಮನೆಗೆ ಹೋಗುವ ಶಿಕ್ಷಕನು, ಹಿಂದಿನ ಹತ್ತು ವರ್ಷಗಳಲ್ಲಿ ತನ್ನ ತಂಡಕ್ಕೆ ಸೇರಿದವರೆಷ್ಟು, ಪದವಿ ಪಡೆದವರೆಷ್ಟು, ಇಂದು ಯಾವ ಕೆಲಸದಲ್ಲಿರುವರು ಎಂಬ ಪಟ್ಟಿಯನ್ನು ತಂದೆತಾಯಿಗಳ ಕೈಗೆ ಕೊಡತಕ್ಕದ್ದು. ಎರಡನೆಯದಾಗಿ, ಅಭ್ಯಾಸದ ವೇಳೆಯು ಓದಿನ ವೇಳೆಯನ್ನು ನುಂಗಬಾರದು. ಮೊದಲೆರಡು ವಿಭಾಗಗಳಲ್ಲಿ ಋತುವಿನ ಕಾಲದಲ್ಲಿ ವಾರಕ್ಕೆ ೨೦ ಗಂಟೆಗಳ ಮಿತಿಯಿರುವುದು ನಿಜ. ಆದರೆ ಪ್ರಯಾಣದ ವೇಳೆ ಅದರಲ್ಲಿ ಸೇರುವುದಿಲ್ಲ. ಪ್ರಯೋಗಶಾಲೆಯ ಪಾಠ ತಪ್ಪುವುದೆಂದು ವಿಜ್ಞಾನವನ್ನು ಬಿಟ್ಟು ಸುಲಭದ ವಿಷಯವನ್ನು ಆರಿಸಿಕೊಳ್ಳುವಂತೆ ಹುಡುಗನನ್ನು ಒತ್ತಾಯಿಸುವುದು ಅವನ ಮುಂದಿನ ಅನ್ನವನ್ನು ಕಸಿದಂತೆ. ಮೂರನೆಯದಾಗಿ, ಆಡುವ ವರ್ಷಗಳು ಮುಗಿದರೂ ಪದವಿ ಮುಗಿಯದವನಿಗೆ ಉಳಿದ ಓದನ್ನು ಶುಲ್ಕವಿಲ್ಲದೆ ಮುಗಿಸಲು ಅನುವು ಮಾಡಿಕೊಡತಕ್ಕದ್ದು. ಅವನನ್ನು ಎಳೆದುಕೊಂಡ ದೊಡ್ಡ ಕಾಲೇಜು ಅವನು ಹಿಂದೆ ಓದಿದುದನ್ನು ಮನ್ನಿಸತಕ್ಕದ್ದು.

ದೂರದ ದೇಶದ ಈ ವಿಚಾರವು ನಮಗೆ ಕೇವಲ ಪರರ ಮನೆಯ ಮಾತಲ್ಲ. ಈ ಆಟವು ನಮ್ಮ ದೇಶಕ್ಕೂ ಬಂದು ಬೇರೂರಿರುವುದು. ನಮ್ಮ ಕಾಲೇಜುಗಳಲ್ಲಿಯೂ ಕ್ರೀಡೆಯ ಮೀಸಲಿನಲ್ಲಿ ಪ್ರವೇಶ ಪಡೆಯುವವರುಂಟು. ನಮ್ಮ ಹುಡುಗನಿಗೆ ಒಂದು ಅನುಕೂಲವುಂಟು: ರೈಲ್ವೆ, ಪೊಲೀಸು, ಸೈನ್ಯ, ಬ್ಯಾಂಕು ಮೊದಲಾದವು ಆಟಗಾರರನ್ನು ಉದ್ಯೋಗಕ್ಕೆ ಸೇರಿಸಿಕೊಳ್ಳುವುವು, ಆಟ ನಿಂತ ಮೇಲೂ ಸಂಬಳ ನಿಲ್ಲುವುದಿಲ್ಲ. ಅಮೆರಿಕಾದ ಸಣ್ಣ ಕಾಲೇಜಿನ ತರುಣನಿಗೆ ಅಂಥ ಆಸರೆಯಿಲ್ಲ. ಆದರೆ ನಮ್ಮಲ್ಲಿಯೂ ಆ ಸ್ಥಾನಗಳು ಕೆಲವೇ, ಆಸೆಪಡುವವರು ಬಹಳ. ಪಾರಿತೋಷಕಗಳನ್ನು ಗಾಜಿನ ಬೀರುವಿನಲ್ಲಿ ಸಾಲಾಗಿಟ್ಟು ತೋರಿಸುವ ನಮ್ಮ ಪ್ರಿನ್ಸಿಪಾಲರು, ಅವನ್ನು ಗೆದ್ದು ತಂದವರು ಇಂದು ಎಲ್ಲಿರುವರೆಂಬ ಪಟ್ಟಿಯನ್ನೂ ಅದರ ಪಕ್ಕದಲ್ಲಿ ತೂಗುಹಾಕಬಲ್ಲರೇ? ವಿದ್ಯಾ ಇಲಾಖೆಯ ಅಧಿಕಾರಿಗಳು ಈ ಪ್ರಶ್ನೆಯನ್ನು ಕೇಳಿದರೆ ಅನುಚಿತವಾಗದು.

ಕಾಲೇಜಿನ ತಂಡವನ್ನು ಅಳೆಯಬೇಕಾದುದು ಅದು ಗೆದ್ದ ಪಂದ್ಯಗಳಿಂದಲ್ಲ, ಅದರಿಂದ ಹೊರಟ ಒಬ್ಬ ಪಿಪ್ಪೆನ್ನನಿಂದಲೂ ಅಲ್ಲ. ಪಂದ್ಯದುದ್ದಕ್ಕೂ ಬೆಂಚಿನ ಮೇಲೆ ಕುಳಿತಿದ್ದ ಹನ್ನೆರಡನೆಯ ಹುಡುಗನು ಹತ್ತು ವರ್ಷದ ಬಳಿಕ ತನ್ನ ಕಾಲ ಮೇಲೆ ನಿಂತಿರುವನೇ ಎಂಬುದರಿಂದ. ಚೆಂಡನ್ನು ತೋರಿಸಿ ಕರೆದವರು ಪದವಿಯನ್ನು ಕೊಟ್ಟು ಕಳುಹಿಸಬೇಕು. ಅದು ದಾನವಲ್ಲ, ಋಣ.