ಬಂದರಿನ ಲೆಕ್ಕದಲ್ಲಿ ನೀರೂ ಸೇರಲಿ

ಕರಾವಳಿಯ ನಮ್ಮ ಮನೆಗಳಿಂದ ಉದ್ಯೋಗ ಅರಸಿ ಹೋದ ಯುವಕ ಯುವತಿಯರಲ್ಲಿ ಅನೇಕರು ಇಂದು ಬೆಂಗಳೂರಿನ ಹೂಡಿ, ವೈಟ್‌ಫೀಲ್ಡ್ ಪ್ರದೇಶದಲ್ಲಿ ನೆಲೆಸಿದ್ದಾರೆ. ಸಮುದ್ರ ಅಲ್ಲಿಂದ ಬಹು ದೂರ. ಆದರೂ ಹೂಡಿಯ ಪಕ್ಕದಲ್ಲೇ ಒಂದು 'ಒಣ ಬಂದರು' ಇದೆ. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋದಲ್ಲಿ ಕಸ್ಟಮ್ಸ್ ತಪಾಸಣೆ ಮುಗಿಸಿದ ಪೆಟ್ಟಿಗೆಗಳು ರೈಲಿನಲ್ಲಿ ಚೆನ್ನೈ ಕಡೆಗೆ ಸಾಗಿ ಹಡಗು ಏರುತ್ತವೆ. ಅಲ್ಲಿನ ಕಾರ್ಖಾನೆಗಳಿಗೆ ಬೇಕಾದ ವಿದೇಶಿ ಬಿಡಿಭಾಗಗಳು ಅದೇ ದಾರಿಯಲ್ಲಿ ಬರುತ್ತವೆ.

ಈ ವ್ಯಾಪಾರದ ಲಾಭ ಒಳನಾಡಿಗೂ ಸಿಗುತ್ತದೆ. ನೀರು ಕೆಟ್ಟರೆ ಅದರ ಕಷ್ಟ ಮಾತ್ರ ಕರಾವಳಿಯವರ ಪಾಲಿಗೆ. 2017ರ ಜನವರಿ 28ರಂದು ಚೆನ್ನೈ ಬಳಿಯ ಎನ್ನೋರ್‌ನಲ್ಲಿ ಎರಡು ಹಡಗುಗಳು ಡಿಕ್ಕಿಯಾಗಿ ಎಣ್ಣೆ ಸೋರಿದಾಗ, ದಡಕ್ಕೆ ಬಂದ ಜಿಡ್ಡನ್ನು ಜನರು ಬಕೆಟ್‌ಗಳಲ್ಲಿ ತುಂಬಿ ತೆಗೆದ ದೃಶ್ಯವನ್ನು ದೇಶವೇ ನೋಡಿತು.

ನಮ್ಮ ಪಣಂಬೂರಿನ ವಿಷಯವೂ ಬೇರೆಯಲ್ಲ. ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. ಅದಕ್ಕಾಗಿ ಊರು ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸ ಬದುಕು ಕಟ್ಟಿಕೊಂಡರು. ಬಂದರು ಸಾವಿರಾರು ಜನರಿಗೆ ಅನ್ನ ಕೊಟ್ಟಿದೆ, ಅದನ್ನು ನಾವು ಮರೆಯುವುದಿಲ್ಲ. ಆದರೆ ಅದು ಅಗೆದು ಮಾಡಿದ ಬಂದರು. ಪ್ರತಿ ಮಳೆಗಾಲ ಕಾಲುವೆಯಲ್ಲಿ ಹೂಳು ತುಂಬುತ್ತದೆ, ಪ್ರತಿ ವರ್ಷ ಅದನ್ನು ತೆಗೆಯಬೇಕು. ಹೂಳೆತ್ತುವಾಗ ನೀರು ಕದಡುತ್ತದೆ, ಕೆಸರು ತಳದ ಜೀವಿಗಳ ಮೇಲೂ ಮೀನಿನ ಮೊಟ್ಟೆಗಳ ಮೇಲೂ ಕೂರುತ್ತದೆ. ದಕ್ಕೆಯಲ್ಲಿ ಇಳಿಸುವ ಕಲ್ಲಿದ್ದಲಿನ ಪುಡಿ ಮಳೆನೀರಿನೊಂದಿಗೆ ಹರಿಯದಂತೆ ತಡೆಯಬೇಕು. ಹಡಗಿನ ತಳದಲ್ಲಿ ನಿಲ್ಲುವ ಎಣ್ಣೆ ಬೆರೆತ ನೀರನ್ನು ಸಮುದ್ರಕ್ಕೆ ಬಿಡದೆ ಬಂದರಿನಲ್ಲೇ ಪಡೆದು ಶುದ್ಧೀಕರಿಸಬೇಕು.

ಕಣ್ಣಿಗೆ ಕಾಣದ ಇನ್ನೊಂದು ಅಪಾಯವಿದೆ. ಸರಕು ಇಲ್ಲದ ಹಡಗು ಸಮತೋಲನಕ್ಕಾಗಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದು, ಸರಕು ತುಂಬುವಾಗ ಅದನ್ನು ಇಲ್ಲಿ ಚೆಲ್ಲುತ್ತದೆ. ಆ ನೀರಿನೊಂದಿಗೆ ಪರದೇಶದ ಜೀವಿಗಳೂ ಬರುತ್ತವೆ. ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ದಕ್ಷಿಣ ಅಮೆರಿಕ ಮೂಲದ ಒಂದು ಜಾತಿಯ ಚಿಪ್ಪುಜೀವಿ ಹಬ್ಬಿ, ಬಡವರು ಹೆಕ್ಕಿ ಮಾರುತ್ತಿದ್ದ ಪಚ್ಚಿಲೆಯ ಜಾಗವನ್ನು ಕಬಳಿಸಿದೆ. ಇಂತಹ ನೀರನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದ 2004ರಲ್ಲಿ ಸಿದ್ಧವಾದರೂ ಜಾರಿಗೆ ಬಂದದ್ದು 2017ರಲ್ಲಿ!

ಅಪಘಾತಗಳ ಪಟ್ಟಿಯೂ ಚಿಕ್ಕದಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದಾಚೆ 'ಪ್ರಿನ್ಸೆಸ್ ಮಿರಾಲ್' ಹಡಗು ಉಕ್ಕಿನ ಸುರುಳಿಗಳೊಂದಿಗೆ ಮುಳುಗಿತು. ಅದರಲ್ಲಿದ್ದ 15 ಮಂದಿಯನ್ನು ಕರಾವಳಿ ಕಾವಲು ಪಡೆ ರಕ್ಷಿಸಿತು. 2025ರ ಮೇ 25ರಂದು ಕೊಚ್ಚಿ ಬಳಿ 'ಎಂಎಸ್‌ಸಿ ಎಲ್ಸಾ 3' ಮುಳುಗಿ, ಅದರ ಪ್ಲಾಸ್ಟಿಕ್ ಕಾಳುಗಳು ಕೇರಳದ ದಡದ ಮರಳಿನಲ್ಲಿ ಬೆರೆತವು. ಜೂನ್ 9ರಂದು 'ವಾನ್ ಹೈ 503' ಹಡಗಿಗೆ ಬೆಂಕಿ ಬಿದ್ದಾಗ ಪಾರಾದ 18 ನಾವಿಕರನ್ನು ಕರೆತಂದದ್ದು ನಮ್ಮ ಪಣಂಬೂರಿಗೇ. ನಾಲ್ವರು ಕಾಣೆಯಾಗಿದ್ದರು.

ಸರಕಾರ ಸುಮ್ಮನಿದೆ ಎನ್ನಲಾಗದು. 2023ರ ಮೇ ತಿಂಗಳಲ್ಲಿ ಕೇಂದ್ರವು 'ಹರಿತ್ ಸಾಗರ್' ಮಾರ್ಗಸೂಚಿ ಹೊರಡಿಸಿತು. ಪ್ರತಿ ಟನ್ ಸರಕಿಗೆ ಇಂಗಾಲದ ಹೊರಸೂಸುವಿಕೆಯನ್ನು 2030ರೊಳಗೆ ಶೇ. 30, 2047ರೊಳಗೆ ಶೇ. 70 ಇಳಿಸುವುದು ಅದರ ಗುರಿ. ಸೌರವಿದ್ಯುತ್, ಹಸಿರು ವಲಯ ಎಲ್ಲವೂ ಸ್ವಾಗತಾರ್ಹ. ಆದರೆ ಸೌರಫಲಕ ಹಾಕಿದ ಮಾತ್ರಕ್ಕೆ ಫಲ್ಗುಣಿ ನದಿಯ ಅಳಿವೆ ಬಾಗಿಲಿನ ನೀರು ತಿಳಿಯಾಗುವುದಿಲ್ಲ. ಬೆಂಗ್ರೆಯ ಮೀನುಗಾರನಿಗೆ ಬೇಕಾದ ಮಾಹಿತಿ ಬೇರೆ: ಈ ವರ್ಷ ಎಷ್ಟು ಹೂಳು ತೆಗೆದರು, ಎಲ್ಲಿ ಸುರಿದರು, ಎಷ್ಟು ಹಡಗುಗಳು ತಮ್ಮ ಎಣ್ಣೆನೀರನ್ನು ಬಂದರಿಗೆ ಒಪ್ಪಿಸಿದವು, ನೀರಿನ ಪರೀಕ್ಷೆಯಲ್ಲಿ ಏನು ಕಂಡುಬಂತು? ಈ ಲೆಕ್ಕ ಕನ್ನಡದಲ್ಲಿ, ಪ್ರತಿ ತಿಂಗಳು, ಮೀನುಗಾರರ ಸಂಘಗಳ ಕೈಸೇರಬೇಕು ಎಂಬುದು ನಮ್ಮ ಆಗ್ರಹ.

ಹೊನ್ನಾವರದ ಕಾಸರಕೋಡಿನಲ್ಲಿ, ಶರಾವತಿಯ ಅಳಿವೆಯ ಬಳಿ, ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಂಕೋಲೆಯ ಕೇಣಿಯಲ್ಲೂ 2025ರಲ್ಲಿ ಜನ ಬೀದಿಗಿಳಿದರು. ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ಸುಲಭ. ಪಣಂಬೂರಿನ ಐವತ್ತು ವರ್ಷಗಳ ಅನುಭವದ ಲೆಕ್ಕವನ್ನು ಅವರ ಮುಂದಿಡುವುದು ನ್ಯಾಯ.

ಹೂಡಿಯಲ್ಲಿರುವ ನಮ್ಮ ಮಕ್ಕಳಿಗೂ ಒಂದು ಮಾತು. ನಿಮ್ಮಲ್ಲಿ ಕೆಲವರು ಸರಕು ಸಾಗಣೆಯ ತಂತ್ರಾಂಶ ಬರೆಯುತ್ತೀರಿ, ಕೆಲವರು ಕಂಪೆನಿಗಳ ಖರೀದಿ ವಿಭಾಗದಲ್ಲಿದ್ದೀರಿ. ಹಡಗು ಕಂಪೆನಿಯನ್ನು ಆರಿಸುವಾಗ ಬಾಡಿಗೆಯ ಜೊತೆಗೆ ಅದು ತನ್ನ ಕೊಳಕು ನೀರನ್ನು ಏನು ಮಾಡುತ್ತದೆ ಎಂದೂ ಕೇಳಿ. ಬಾಡಿಗೆ ಕೊಡುವವರು ಕೇಳಿದರೆ ಹಡಗಿನವರು ಉತ್ತರಿಸಲೇಬೇಕಾಗುತ್ತದೆ. ದಡದಲ್ಲಿ ಬಲೆ ಹೆಣೆಯುತ್ತಾ ಕುಳಿತ ನಿಮ್ಮ ಹಿರಿಯರು ಕೇಳಿದಾಗ ಆ ಉತ್ತರ ಇನ್ನೂ ಸಿಕ್ಕಿಲ್ಲ.